ಏಳು ಸುತ್ತಿನ ವಾಲ್ವ್

ತೊಂಬತ್ತರ ದಶಕದ ಮೊದಲ ವರ್ಷಗಳು. ಆಗ ನಮ್ಮ ಕಡೆಯವರು ಆಚೆ ದಡಕ್ಕೆ ಹೋಗಬೇಕೆಂದರೆ ತಾತನ ದೋಣಿಯೇ ಗತಿ. ಬೇಸಿಗೆ ರಜೆಯ ಒಂದು ಶನಿವಾರ, ಬೆಳಗ್ಗೆ ಆರು ಗಂಟೆ. ನರಸೀಪುರದ ಹೊಳೆದಂಡೆಯಲ್ಲಿದ್ದವರು ಮೂವರು: ತಾತ, ಹಾಲಿನ ಸಿದ್ದಪ್ಪ ಮತ್ತು ಹನ್ನೊಂದು ವರ್ಷದ ನಾನು.

ದೋಣಿಗೆ ಡೀಸೆಲ್ ಎಂಜಿನ್ ಇತ್ತು. ಅದನ್ನು ತಣ್ಣಗಿಡಲು ದೋಣಿಯ ತಳದ ತೂತಿನಿಂದ ಹೊಳೆಯ ನೀರು ಮೇಲೆ ಬರಬೇಕು. ಆ ತೂತಿನ ಮೇಲೆ ಚಕ್ರದ ಹಿಡಿಯ ವಾಲ್ವ್, ಅದಕ್ಕೊಂದು ರಬ್ಬರ್ ಪೈಪು. ದಿನಾ ಬೆಳಗ್ಗೆ ಸಂಜೆ ವಾಲ್ವ್ ಮುಚ್ಚಿ, ಪೈಪು ಕಳಚಿ, ಪಾಚಿ ತೆಗೆಯಬೇಕು. ಮುಚ್ಚಲು ಏಳು ಸುತ್ತು. ಗಟ್ಟಿಯಾಗಿ ಎಣಿಸುತ್ತಾ ತಿರುಗಿಸುವುದು ನನ್ನ ಕೆಲಸ. ನಾನು ‘ಏಳು’ ಅಂದ ಮೇಲೆಯೇ ತಾತ ಪೈಪಿಗೆ ಕೈ ಹಾಕುತ್ತಿದ್ದರು. ನಮ್ಮ ತರಗತಿಯ ಮಾನಿಟರಿಗೂ ನನ್ನಷ್ಟು ಗತ್ತು ಇರಲಿಲ್ಲ.

ಅಂದೂ ‘ಏಳು’ ಅಂದೆ. ತಾತ ಪೈಪು ಕಳಚಿದರು. ನೀರು ಬುಗ್ಗೆಯಂತೆ ಉಕ್ಕಿತು. ತಾತ ಅಂಗೈ ಒತ್ತಿ ಹಿಡಿದು, ಹೇಗೋ ಪೈಪು ಮತ್ತೆ ಸಿಕ್ಕಿಸುವಷ್ಟರಲ್ಲಿ ಹಾಲಿನ ಕ್ಯಾನುಗಳ ಬುಡ ಮುಳುಗಿತ್ತು.

“ಅಣ್ಣೋ, ಆಲ್ಗೆ ನೀರು ನಾನೇ ಆಕ್ಕತೀನಿ, ನೀನ್ಯಾಕೆ ಕಷ್ಟಪಡ್ತೀಯ!” ಎಂದ ಸಿದ್ದಪ್ಪ.

ತಾತ ನಗಲಿಲ್ಲ. ನನ್ನ ಕಡೆ ತಿರುಗಿದರು. “ಅಳಿಗುಳಿ ಮಣೆನಲ್ಲಿ ಉಣಸೆಬೀಜ ಎಣಿಸ್ತೀಯ, ಇಲ್ಲಿ ಏಳು ಎಣಿಸಕ್ಕೆ ಬರಾಕಿಲ್ವಾ? ನಾಳಿಂದ ಎಂಜಿನ್ ತಾವ ಬರ್ಬೇಡ ನೀನು.”

“ಏಳೇ ಎಣಿಸಿದ್ದೆ, ತಾತ.”

“ಬಾಯ್ಮುಚ್ಚು.”

ದೋಣಿಯನ್ನು ಮರಳಿಗೆ ಎಳೆದು, ವಾಲ್ವೂ ಹಳೆಯದು, ನಂಜನಗೂಡಿನಲ್ಲಿ ತೋರಿಸಿ ಬೇಕಾದರೆ ಹೊಸದು ತರೋಣವೆಂದು ಬಿಚ್ಚಿ ಚೀಲಕ್ಕೆ ಹಾಕಿಕೊಂಡರು. ಏನು ತರಲು ಹೋದರೂ ಜಾಗ ಅಳೆದುಕೊಂಡು ಹೋಗಬೇಕೆಂದು ಕಲಿಸಿದವರು ತಾತನೇ. ಅವರು ಮರೆತಿದ್ದರು. ನಾನು ಸುಮ್ಮನೆ ವಾಲ್ವ್ ಇದ್ದ ಜಾಗದಿಂದ ಪಕ್ಕದ ಹಲಗೆಗೆ ಗೇಣು ಹಾಕಿದೆ: ಸರಿಯಾಗಿ ಒಂದು ಗೇಣು. ಅಜ್ಜಿ ತಗಡೂರಿಗೆ ಹೋಗಿದ್ದರಿಂದ ನನ್ನನ್ನು ಒಬ್ಬಳನ್ನೇ ಬಿಡುವಂತಿರಲಿಲ್ಲ. ಎಂಟರ ಬಸ್ಸಿಗೆ ಇಬ್ಬರೂ ಹೊರಟೆವು. ನಂಜನಗೂಡಿನವರೆಗೂ ತಾತನ ಅಂಗಿಯ ಡೀಸೆಲ್ ವಾಸನೆಯ ಪಕ್ಕದಲ್ಲಿ ಕಿಟಕಿಯತ್ತ ಮುಖ ಮಾಡಿ ಕೂತಿದ್ದೆ.

ಪಂಪ್‌ಸೆಟ್ ಸಾಮಾನಿನ ಅಂಗಡಿಯಾತ ಹಳೆಯ ವಾಲ್ವನ್ನು ಬಿಚ್ಚಿ ಮೇಜಿನ ಮೇಲಿಟ್ಟ. ನೀರು ತಡೆಯುವ ತಟ್ಟೆ ಚಕ್ರದ ಕೆಳಗಿನ ಕಡ್ಡಿಯಿಂದ ಕಳಚಿ, ಮೇಲೆಯೇ ಸಿಕ್ಕಿಕೊಂಡಿತ್ತು. ಚಕ್ರ ತಿರುಗಿಸಿದರೆ ಬರೀ ಕಡ್ಡಿ ತಿರುಗುತ್ತಿತ್ತು.

“ನೂರು ಸುತ್ತು ತಿರುಗ್ಸಿದ್ರೂ ಮುಚ್ತಿರ್ಲಿಲ್ಲ ಯಜಮಾನ್ರೇ.”

ತಾತ ನನ್ನನ್ನು ನೋಡಿದರು. ಆಮೇಲೆ ಮೇಲೆ ತೂಗುಹಾಕಿದ್ದ ಪೈಪುಗಳನ್ನು ಬಹಳ ಹೊತ್ತು ನೋಡಿದರು. ಕೊನೆಗೆ, “ಒಸದು ನೀನೇ ಆರಿಸವ್ವ” ಎಂದರು.

ಚಕ್ರದ್ದನ್ನು ಬೇಡವೆಂದೆ, ಒಳಗೇನಾಗಿದೆ ಎಂದು ಕಾಣುವುದಿಲ್ಲವಲ್ಲ. ಉದ್ದ ಹಿಡಿಯ ಬಗೆಯಲ್ಲಿ ಹಾಗಿಲ್ಲ: ಹಿಡಿ ಪೈಪಿನ ನೇರಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಥಳಥಳ ಹೊಳೆಯುತ್ತಿದ್ದ ಒಂದಕ್ಕೆ ಅಂಗಡಿಯಾತನ ಅಯಸ್ಕಾಂತ ಹಿಡಿದೆ, ಅಂಟಿಕೊಂಡಿತು. ಹೊರಗೆ ಬಣ್ಣ, ಒಳಗೆ ಕಬ್ಬಿಣ. ಅಸಲಿ ಹಿತ್ತಾಳೆಯವು ಎರಡಿದ್ದವು. ಒಂದರ ಹಿಡಿ ನನ್ನ ಗೇಣಿಗಿಂತ ಉದ್ದ, ಹಲಗೆಗೆ ಬಡಿಯುತ್ತದೆ. ಗಿಡ್ಡನೆಯದನ್ನು ಮುಚ್ಚಿ ಊದಿದೆ. ಉಸಿರು ಆಚೆ ಹೋಗಲಿಲ್ಲ.

“ಇದು.”

ವಾಪಸಾಗುವಾಗ ತಾತ ಬಸ್ಸಿನಲ್ಲಿ ರಸಬಾಳೆ ಸುಲಿದು ಸುಲಿದು ಕೊಟ್ಟರು. ತಾವು ಒಂದನ್ನೂ ತಿನ್ನಲಿಲ್ಲ.

ಮೂರಕ್ಕೆ ಕೆಲಸ ಶುರು. ನೀರು ಸೋರದಂತೆ ತಿರುಪಿನ ಗೆರೆಗಳಿಗೆ ಸೆಣಬಿನ ನೂಲು ಸುತ್ತಿ, ಬಿಳಿ ಬಣ್ಣ ಬಳಿದು ವಾಲ್ವ್ ಕೂರಿಸಿದರು. ದೋಣಿ ನೀರಿಗಿಳಿಸಿ ಬುಡದ ಸುತ್ತ ಬೆರಳಾಡಿಸಿದೆ. ಒಣಗಿತ್ತು.

ಈಗ ಅಲ್ಲಿ ಸೇತುವೆಯಿದೆ. ಎರಡು ನಿಮಿಷಕ್ಕೆ ಆಚೆ ದಡ. ಯಾರೂ ಯಾರಿಗೂ ಕಾಯಬೇಕಿಲ್ಲ. ಅನುಕೂಲವೇ, ಇಲ್ಲವೆನ್ನುವುದಿಲ್ಲ. ಆದರೆ ಒಂದು ಮಗುವಿನ ಬಾಯಿಂದ ಬರುವ ಒಂದು ಮಾತಿಗಾಗಿ ಕಾಯುವ ಹಿರಿಯರನ್ನು ಆಮೇಲೆ ನಾನು ಹೆಚ್ಚು ಕಾಣಲಿಲ್ಲ.

ಅಂದಿನ ಕೊನೆಯ ಟ್ರಿಪ್ಪು ಮುಗಿದಾಗ ಆರೂವರೆ. ಪಾಚಿ ತೆಗೆಯುವುದೊಂದು ಬಾಕಿ. ನಾನು ದಡದಲ್ಲೇ ನಿಂತಿದ್ದೆ.

“ಅಲ್ಲೇನ್ ಮಾಡ್ತಿದ್ದೀಯ? ಬಾ, ಮುಚ್ಚು” ಎಂದರು ತಾತ.

ಹಿಡಿಯನ್ನು ಅಡ್ಡಕ್ಕೆಳೆದೆ. ಕಾಲು ಸುತ್ತಿಗೇ ಮುಗಿಯಿತು. ತಾತ ಪೈಪಿಗೆ ಕೈ ಹಾಕದೆ ಕೂತೇ ಇದ್ದರು.

“ಯಾಕ್ ತಾತ?”

“ನೀನಿನ್ನೂ ಏಳು ಅಂದಿಲ್ವಲ್ಲ.”

ಅಂದೆ. ಅವರು ಪೈಪು ಕಳಚಿದರು.