ಬೇರೆ ಗ್ರಹದ ಕಥೆಗೆ ಅಮ್ಮನ ತಿದ್ದುಪಡಿ

ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ತಪ್ಪಕ್ಕ ಎನ್ನುತ್ತಿದ್ದರು. ತಪ್ಪು ಮಾಡುತ್ತಾಳೆಂದಲ್ಲ, ಇಪ್ಪತ್ತಾರು ವರ್ಷಗಳಿಂದ ಕರಡು ತಿದ್ದುತ್ತ ಊರವರ ತಪ್ಪನ್ನೆಲ್ಲ ಹುಡುಕುತ್ತಾಳೆಂದು. ಮೂರನೇ ಪುಟದಲ್ಲಿ ಕುಂಟುತ್ತಿದ್ದ ನಾಯಕ ನೂರನೇ ಪುಟದಲ್ಲಿ ಓಡಿದರೆ ಅವಳ ಕೆಂಪು ಪೆನ್ನು ಗಕ್ಕನೆ ನಿಲ್ಲುತ್ತಿತ್ತು. ಅವಳ ಕಣ್ಣು ತಪ್ಪಿಸುವುದು ಯಾರಪ್ಪನಿಂದಲೂ ಆಗುವ ಕೆಲಸವಲ್ಲ.

ಆ ಸಲ ಅವಳ ಪಾಲಿಗೆ ಬಂದದ್ದು ವೈಜ್ಞಾನಿಕ ಕಾದಂಬರಿ. ದೂರದ ಗ್ರಹವೊಂದರ ಗಣಿಗಳಲ್ಲಿ ಗುಲಾಮರನ್ನು ದುಡಿಸಿದ್ದಾರೆ. ಬಿಡುಗಡೆಯಾಗಿ ಇನ್ನೂರು ವರ್ಷವಾದರೂ, ಗುಲಾಮರನ್ನು ದುಡಿಮೆಗೆ ಎಬ್ಬಿಸುತ್ತಿದ್ದ, ಎಂದೋ ಕಳಚಿಟ್ಟ ಗಂಟೆ ಬಾರಿಸಿದಂತಾಗಿ ಅವರ ಸಂತತಿ ಬೆಚ್ಚಿ ಏಳುತ್ತದೆ. "ಭೂಮಿ ಮೇಲಿನ ಸಂಕಟ ಸಾಲದು ಅಂತ ಮೇಲಕ್ಕೆ ಹೋಗಿದಾನೆ ಪುಣ್ಯಾತ್ಮ" ಎಂದು ಗೊಣಗುತ್ತಲೇ ಕರಡಿನ ಕಟ್ಟನ್ನು ಮನೆಗೆ ಒಯ್ದಳು.

ಮನೆಯಲ್ಲಿ ಎಂಬತ್ತೊಂದು ದಾಟಿದ ತಾಯಿ. ಒಡೆಯರ ಮನೆಯಲ್ಲಿ ಗುಲಾಮಳಾಗಿಯೇ ಹುಟ್ಟಿದವಳು. ಕಾನೂನು ಬಂದು ಬಾಗಿಲು ತೆರೆದಾಗ ಹನ್ನೊಂದು ವರ್ಷ. ಮಗಳಿಗೆ ಗೊತ್ತಿದ್ದದ್ದು ಇಷ್ಟೇ. ತಾಯಿ ಇಂದಿಗೂ ಕುರ್ಚಿಗೆ ಬೆನ್ನು ಕೊಡಳು, ಅಂಚಿನಲ್ಲಿ ಕೂರುವಳು. ಅಜ್ಜಿ ಏನಾದಳು, ಮಾವಂದಿರು, ಚಿಕ್ಕಮ್ಮಂದಿರು ಎಲ್ಲಿ ಎಂದು ಕೇಳಿದರೆ "ಅದೆಲ್ಲ ಈಗ್ಯಾಕೆ?" ಎಂದು ಒಳಗೆ ನಡೆಯುವಳು. ಅವಳ ಹೃದಯ ಸೋತಿದೆ ಎಂದು ಡಾಕ್ಟರು ಹೇಳಿದ ಮೇಲೆ ತಪ್ಪಕ್ಕನಿಗೆ ಒಂದೇ ಚಿಂತೆ: ಇವಳು ಹೋದರೆ ಅವರೆಲ್ಲರೂ ಹೋದಂತೆ.

ಕಣ್ಣು ಮೋಸ ಮಾಡಿದರೂ ಕಿವಿ ಮಾಡದೆಂದು ಕರಡನ್ನು ಗಟ್ಟಿಯಾಗಿ ಓದುವುದು ಅವಳ ಪದ್ಧತಿ. ಮಧ್ಯಾಹ್ನ ತಾಯಿ ಪಕ್ಕದಲ್ಲಿ ಅವರೆಕಾಳು ಬಿಡಿಸುತ್ತಿದ್ದಳು.

"ಇದು ಯಾವೂರಿನ ಸುದ್ದಿ?"

"ಊರಲ್ಲಮ್ಮ, ಬೇರೆ ಗ್ರಹ. ಆಕಾಶದಾಚೆ."

"ಅಲ್ಲೂ ಒಡೆಯರಿದಾರಾ?"

ಮಗುವನ್ನು ಮಾರಲು ಒಯ್ಯುವಾಗ ತಾಯಿ ಕಿರುಚುವ ಸಾಲು ಬಂತು. ಮುದುಕಿಯ ಕೈ ನಿಂತಿತು.

"ತಪ್ಪು ಬರೆದಿದಾನೆ. ಕಿರುಚಲ್ಲ. ಕಿರುಚಿದ್ರೆ ಇನ್ನೊಂದನ್ನೂ ಒಯ್ತಾರೆ. ಪಾತ್ರೆ ಉಜ್ತಾನೇ ಇರ್ಬೇಕು."

ತಪ್ಪಕ್ಕ ಆ ಮಾತನ್ನು ಕರಡಿನ ಅಂಚಿನಲ್ಲಿ ಬರೆದುಕೊಂಡಳು. ನಾಲ್ಕು ದಿನ ಹೀಗೇ ನಡೆಯಿತು. ತನ್ನ ಕಥೆ ಎಂದರೆ ತುಟಿ ಬಿಚ್ಚದವಳು ಬೇರೆ ಗ್ರಹದವರದನ್ನು ಸಲೀಸಾಗಿ ತಿದ್ದಿದಳು. ಅಲ್ಲಿ ಯಾರ ಮಾನವೂ ಹೋಗುವಂತಿರಲಿಲ್ಲವಲ್ಲ.

ಐದನೇ ದಿನ ತಾಯಿಯ ಮಾತಿನಲ್ಲಿ 'ಅವರು' ಹೋಗಿ 'ನಾವು' ಬಂತು.

"ನಾವು ಎಂಟು ಜನ ಮಕ್ಕಳು ಒಂದೇ ಚಾಪೇಲಿ. ಆವತ್ತು ಗಂಟೆ ಹೊಡೀತು. ಅಮ್ಮ ಕಾಲು ಮುಟ್ಟಿ ಮುಟ್ಟಿ ಎಬ್ಬಿಸಿದ್ಳು, ಏಳು ಜನರನ್ನ..."

"ಮೊದ್ಲು ಎಂಟು ಅಂದ್ಯಲ್ಲಮ್ಮ?"

ಇಪ್ಪತ್ತಾರು ವರ್ಷದ ಚಾಳಿ, ನಾಲಿಗೆ ತಡೆಯಲಿಲ್ಲ.

ತಾಯಿ ಎದ್ದು ನಿಂತಳು. ಮಡಿಲಿನ ಕಾಳೆಲ್ಲ ನೆಲಕ್ಕೆ ಚೆಲ್ಲಿತು. ಕೈಕಟ್ಟಿ, ತಲೆ ತಗ್ಗಿಸಿ, ಹೆತ್ತ ಮಗಳಿಗೆ, "ತಪ್ಪಾಯ್ತು" ಎಂದಳು.

"ಅಮ್ಮಾ, ನಾನಮ್ಮ! ಕೂತ್ಕೋ." ತಪ್ಪಕ್ಕ ತಬ್ಬಿಕೊಂಡು ಅತ್ತಳು. ಮುದುಕಿ ಮೆಲ್ಲಗೆ ಕೂತಳು, ಕುರ್ಚಿಯ ಅದೇ ಅಂಚಿನಲ್ಲಿ.

ಆಮೇಲೆ ತಾಯಿ ಏನನ್ನೂ ತಿದ್ದಲಿಲ್ಲ. ಅವಳು ಮತ್ತೆ ತಿದ್ದಲೆಂದು ಮಗಳು ಬೇಕೆಂದೇ ಇಲ್ಲಸಲ್ಲದ್ದನ್ನು ಸೇರಿಸಿ ಓದಿದಳು. ಗುಲಾಮರಿಗೆ ಹಂಸತೂಲಿಕಾ ತಲ್ಪವನ್ನೂ ಹಾಸಿಕೊಟ್ಟಳು. "ಚೆನ್ನಾಗಿ ಬರೆದಿದಾನೆ" ಎಂದಳು ತಾಯಿ. ಇಪ್ಪತ್ತು ದಿನಕ್ಕೆ ತೀರಿಕೊಂಡಳು.

ಪುಸ್ತಕ ಅಚ್ಚಾದ ಮೇಲೆ ಲೇಖಕ ಪ್ರೆಸ್ಸಿಗೆ ಬಂದ. ಅಂಚಿನ ಮಾತನ್ನು ಹಾಗೆಯೇ ಒಪ್ಪಿಕೊಂಡಿದ್ದ.

"ಪಾತ್ರೆ ಉಜ್ಜೋ ತಾಯಿ ಪುಟ ಓದಿ ಜನ ಅಳ್ತಿದಾರೆ ಅಕ್ಕ. ನಿಮಗೆ ಹೇಗೆ ಹೊಳೀತು?"

"ನಮ್ಮಮ್ಮ ಹೇಳಿದ್ದು."

"ಅವರ ಕಥೆ ಪೂರ್ತಿ ಹೇಳಿ. ಬರೀತೀನಿ."

ತಪ್ಪಕ್ಕ ಪೆನ್ನಿನ ಮುಚ್ಚಳ ಹಾಕಿದಳು.

"ಪೂರ್ತಿ ಇಲ್ಲ ಸ್ವಾಮಿ. ಎಂಟು ಮಕ್ಕಳು ಮಲಗಿದ್ರಂತೆ. ಅಜ್ಜಿ ಎಬ್ಬಿಸಿದ್ದು ಏಳೇ ಮಕ್ಕಳನ್ನಂತೆ. ಆ ಇನ್ನೊಂದು ಮಗು ಏನಾಯ್ತು ಅಂತ ಹೇಳೋಕೆ ಅಮ್ಮ ಬಾಯಿ ತೆಗೆದಿದ್ಳು. ನಾನು ಲೆಕ್ಕ ಕೇಳಿದೆ."