ಚಹಾ ಕುಡಿದು ಬರುವಷ್ಟರಲ್ಲಿ ನಿಂತುಹೋಗುತ್ತಿದ್ದ ಕಂಪ್ಯೂಟರ್

ಓದುವ ಎಲ್ಲರಿಗೂ ನಮಸ್ಕಾರ. ನಾನು ಹತ್ತನೇ ತರಗತಿ ಪಾಸಾಗಿದ್ದೇ ಮದುವೆಯಾದ ಮೇಲೆ. ಈಗಲೂ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತೇನೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಕಂಪ್ಯೂಟರ್ ಬಲ್ಲವರಿಗೆ ಇದು ಸಣ್ಣ ಸಂಗತಿ ಅನಿಸಬಹುದು. ನಮ್ಮ ಓಣಿಗೆ ಸಣ್ಣದಾಗಿರಲಿಲ್ಲ.

ಬನಹಟ್ಟಿಯಲ್ಲಿ ಮಗ್ಗಗಳ ನಡುವೆಯೇ ನನ್ನ ಅಂಗಡಿ. ಸೀರೆಯ ಅಂಚಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ತುಂಬಿ ಕೊಡುವುದು ನನ್ನ ಕೆಲಸ. ಅದನ್ನು ನೋಡಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಕಾರ್ಡು ಮಗ್ಗಕ್ಕೆ ಏರಿದರೆ ಅಂಚಿನಲ್ಲಿ ಹೂವು ಮೂಡುತ್ತದೆ. ಹಳೆಯ ಕಂಪ್ಯೂಟರ್ ಕೈಕೊಟ್ಟ ಮೇಲೆ ಟಿಫಿನ್ ಡಬ್ಬಿಯಷ್ಟಿರುವ ಹೊಸದೊಂದನ್ನು ತಂದಿದ್ದೆ. ಮುಧೋಳದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯ ತನ್ನ ಹಳೆಯ ಪೆನ್‌ಡ್ರೈವಿನಿಂದ ಅದಕ್ಕೆ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟ. "ಇನ್ನ ವೈರಸ್ ಕಾಟ ಇಲ್ಲ, ಆರಾಮ ಇರು" ಅಂದಿದ್ದ.

ಒಂದು ಮಧ್ಯಾಹ್ನ ಎದುರು ಮನೆಯ ಕಾಕಾ ಹಳೆಯ ಸೀರೆಯ ತುಂಡೊಂದನ್ನು ತಂದು ನನ್ನ ಮೇಜಿನ ಮೇಲೆ ಹಾಸಿದರು. ಕಾಕಾ ನೇಕಾರರು.

"ನಮ್ಮವ್ವನ ಸೀರೀದು, ತಮ್ಮಾ. ಮಗಳ ಲಗ್ನದ ಸೀರಿಗೆ ಇದೇ ದಡಿ, ಇದೇ ಅಂಚು ಹಾಕಿ ನಾನೇ ನೇಯಬೇಕಂತ ಮಾಡೇನಿ. ಅಮಾಸಿ ಆದಮ್ಯಾಲ ಮಗ್ಗ ಖಾಲಿ ಆಗತೈತಿ. ಅಷ್ಟರಾಗ ಕಾರ್ಡು ಕೈಗೆ ಬರಬೇಕು. ಇಲ್ಲಂದ್ರ ಸಾವಕಾರ್ರ ನೂಲು ಏರತೈತಿ, ಮಗಳಿಗೆ ಅಂಗಡಿ ಸೀರಿನೇ ಗತಿ."

ಊರವರ ಮದುವೆಗೆಲ್ಲ ಸೀರೆ ನೇಯ್ದವರು ಸ್ವಂತ ಮಗಳಿಗೆ ಅಂಗಡಿ ಸೀರೆ ತರುವುದೆಂದರೇನು. "ಆಗತೈತ್ರಿ ಕಾಕಾ" ಅಂದೆ.

ಆಗಲಿಲ್ಲ. ಕೆಲಸ ಶುರು ಮಾಡಿದ ದಿನದಿಂದಲೇ ಕಂಪ್ಯೂಟರ್ ನಿಲ್ಲತೊಡಗಿತು. ಪರದೆಯ ಮೇಲಿನ ಬಾಣ ಅಲ್ಲಾಡದು, ಮೂಲೆಯ ಗಡಿಯಾರವೂ ನಿಂತಲ್ಲೇ. ಬಟನ್ ಒತ್ತಿ ಆರಿಸಿ ಮತ್ತೆ ಹಚ್ಚಬೇಕು. ಒಮ್ಮೊಮ್ಮೆ ಬೆಳಿಗ್ಗೆಯಿಡೀ ಸುಮ್ಮನೆ ದುಡಿಯುವುದು, ಒಮ್ಮೊಮ್ಮೆ ನಾನು ತುಂಡು ಹಿಡಿದು ಎಳೆ ಎಣಿಸುವಷ್ಟರಲ್ಲೇ ನಿಲ್ಲುವುದು.

ಯಂತ್ರಕ್ಕೂ ದಣಿವಾಗುತ್ತದೆ ಅನ್ನುವುದರಲ್ಲಿ ನಮ್ಮೂರಿನಲ್ಲಿ ಯಾರಿಗೂ ಅನುಮಾನವಿಲ್ಲ. ಮಗ್ಗದ ಮೋಟರ್ ಕಾದರೆ ಬಂದ್ ಮಾಡಿ ಚಹಾ ಕುಡಿಯುತ್ತೇವೆ. ಅಮಾವಾಸ್ಯೆಗೆ ಮಗ್ಗಗಳಿಗೆಲ್ಲ ಸೂಟಿ ಕೊಟ್ಟು, ಪೂಜೆ ಮಾಡಿ ಕಾಯಿ ಒಡೆಯುತ್ತೇವೆ. ಹಾಗಾಗಿ ಕಾಕಾ, ಕೂಸಿನ ಜ್ವರ ನೋಡುವವರಂತೆ ಡಬ್ಬಿಯ ಮೇಲೆ ಅಂಗೈ ಇಟ್ಟು, "ಬಿಸಿ ಆಗೇತಲ್ಲೋ. ಏಳು, ಚಾ ಕುಡಿ. ಅದೂ ಆರಾಮ ತಗೊಳ್ಳಿ" ಅಂದರು.

ಚಹಾ ಕುಡಿದು ಬಂದರೆ ಕಂಪ್ಯೂಟರ್ ನಿಂತಿತ್ತು. ಆರಾಮ ಸಾಲದಾಯಿತು ಎಂದು ಮರುದಿನ ಚಹಾದ ಜೊತೆ ಚುರುಮುರಿಯನ್ನೂ ಸೇರಿಸಿದೆವು. ಆಗಲೂ ನಿಂತಿತು. ಟೇಬಲ್ ಫ್ಯಾನನ್ನು ನನ್ನ ಕಡೆಯಿಂದ ತಿರುಗಿಸಿ ಡಬ್ಬಿಗೆ ಹಿಡಿದೆವು. ನಾನು ಬೆವರುತ್ತ ಕೂತೆ, ಅದು ತಂಪಾಗಿ ನಿಂತಿತು.

"ಕಂಪ್ಯೂಟರ್ ಡಬ್ಬಿ ದಣದೈತೋ ಇಲ್ಲೋ ಗೊತ್ತಿಲ್ಲ" ಅಂದಳು ನನ್ನ ಹೆಂಡತಿ. "ಸಕ್ಕರಿ ಡಬ್ಬಿ ಅಂತೂ ತಳ ಕಂಡೈತ್ರಿ."

ಒಂದು ದಿನ ಸೇವ್ ಮಾಡುವುದನ್ನು ಮರೆತು ಚಹಾಕ್ಕೆ ಎದ್ದೆ. ಅರ್ಧ ಅಂಚು ಹೋಯಿತು. ಕಾಕಾ ಬೈಯಲಿಲ್ಲ. ಅವ್ವನ ಸೀರೆಯ ತುಂಡನ್ನು ಮೆಲ್ಲಗೆ ಮಡಚಿದರು.

"ಇರ್ಲಿ ಬಿಡು ತಮ್ಮಾ. ಜಮಖಂಡ್ಯಾಗೂ ಛಲೋ ಸೀರಿ ಸಿಗತಾವ."

ಬೈದಿದ್ದರೇ ಚೆನ್ನಾಗಿತ್ತು. ಅವರನ್ನು ಕೂರಿಸಿ ಮುಧೋಳದ ಗೆಳೆಯನಿಗೆ ಫೋನ್ ಹಚ್ಚಿದೆ.

"ಯಾವಾಗ ನಿಂದರತೈತಿ ಅದು?" ಅಂತ ಕೇಳಿದ.

"ಹೇಳಾಕ ಬರೂದಿಲ್ಲೋ. ದುಡಸತೇವಿ, ಆರಾಮ ಕೊಡತೇವಿ, ಬಂದು ನೋಡಿದ್ರ ನಿಂತಿರತೈತಿ."

"ನಿನ್ನ ಕೈ ಆಡೂಮುಂದ ಎಂದಾದ್ರೂ ನಿಂತೈತೇನು?"

ನಾನು ಯೋಚಿಸಿದೆ. ಚಹಾ ಕುಡಿಯುವಾಗ ನಿಂತಿದೆ, ಚುರುಮುರಿ ತಿನ್ನುವಾಗ ನಿಂತಿದೆ, ಎಳೆ ಎಣಿಸುವಾಗ ನಿಂತಿದೆ. "ಇಲ್ಲ" ಅಂದೆ.

ಆ ಕಡೆಯಿಂದ ನಗೆ ಕೇಳಿತು. "ಲೇ, ಕೆಲಸ ಇಲ್ಲಂದ್ರ ಅದರ ಪ್ರೊಸೆಸರ್ ನಿದ್ದಿ ಮಾಡತೈತಿ. ನಿನ್ನ ಡಬ್ಬಿ ಹೊಸಾದು, ನಾ ಹಾಕಿಕೊಟ್ಟ ಕರ್ನಲ್ ಹಳೇದು. ಆ ಕರ್ನಲ್ಲಿಗೆ ಇದನ್ನ ಎಬ್ಬಸಾಕ ಬರವಲ್ದು. ನೀವು ದಿನಾ ಜೋಗುಳ ಹಾಡೀರಿ."

ಯಂತ್ರಕ್ಕೂ ನಾವು ನಡೆಸುವ ಪ್ರೋಗ್ರಾಮುಗಳಿಗೂ ನಡುವೆ ನಿಂತು ಕೆಲಸ ಹಂಚುವ ಭಾಗಕ್ಕೆ ಕರ್ನಲ್ ಅನ್ನುತ್ತಾರೆಂದು ಆಗ ತಿಳಿಯಿತು. ಅದನ್ನು ಬದಲಿಸಬೇಕು ಅಂದ ಗೆಳೆಯ. ಇದ್ದದ್ದೂ ಹೋದರೆ ಅಂತ ಕೇಳಿದೆ.

"ಹಳೇದು ಎಲ್ಲೂ ಹೋಗೂದಿಲ್ಲ. ಹೊಸಾದು ನಡೀಲಿಲ್ಲಂದ್ರ ಚಾಲೂ ಆಗೂಮುಂದ ಹಳೇದನ್ನ ಆರಿಸ್ಕೋ. ಆದ್ರ ಹೊಸಾದು ಇಳಿಯೂತನ ಡಬ್ಬಿನ್ನ ಮಲಗಾಕ ಬಿಡಬ್ಯಾಡ."

ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದುದು ಕಿಟಕಿಯ ಕಟ್ಟೆಯ ಮೇಲೆ ಮಾತ್ರ. ಅದರ ಇಂಟರ್ನೆಟ್ಟಿನಿಂದ ಕರ್ನಲ್ ಹನಿ ಹನಿಯಾಗಿ ಇಳಿಯತೊಡಗಿತು. ನನ್ನ ಒಂದು ಬೆರಳಿಗೂ ಆರಾಮ ಬೇಕಲ್ಲ, ಕಾಕಾನ ಕೈಗೆ ಮೌಸ್ ಕೊಟ್ಟು ಇಸ್ಪೀಟಿನ ಆಟ ತೆಗೆದುಕೊಟ್ಟೆ. ಮೊದಮೊದಲು, "ಹೊತ್ತು ಮುಣಗೂಕಿಂತ ಮೊದಲ ಇಸ್ಪೀಟೇನೋ, ನೋಡಿದವರು ಏನಂದಾರು" ಅಂತ ಬಾಗಿಲ ಕಡೆ ನೋಡಿದರು. ಆಮೇಲೆ ಬಾಗಿಲು ಮರೆತರು. ಹೆಂಡತಿ ಚಹಾ ತಂದರೂ ತಲೆ ಎತ್ತಲಿಲ್ಲ.

"ಕಾಕಾ, ಆರಾಮ ತಗೊಳ್ರಿ" ಅಂದಳು ಅವಳು.

"ಸುಮ್ಕಿರವಾ. ರಾಣಿ ಎಲ್ಲಿ ಕುಂತಾಳೋ ಸಿಗವಲ್ಲಳು. ಅದು ಮಲಕೊಂಡ್ರ ನಿನ್ನ ಗಂಡ ಅಳತಾನ."

ಇಳಿದ ಮೇಲೆ ಗೆಳೆಯ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿದ, ನಾನು ಒಂದೊಂದೇ ಒತ್ತಿದೆ. ನನ್ನ ವೇಗಕ್ಕೆ ಅವನು ನಡುವೆ ಊಟ ಮುಗಿಸಿದ. ಕೊನೆಗೆ ಕಂಪ್ಯೂಟರ್ ಆರಿ, ಪರದೆ ಕಪ್ಪಾಗಿ, ಬಿಳಿ ಸಾಲುಗಳು ಓಡಿ, ಮತ್ತೆ ಎದ್ದು ಕೂತಿತು.

ಇನ್ನು ಪರೀಕ್ಷೆ. ಚಹಾಕ್ಕೆ ಹೋಗಬೇಕು. ಇಷ್ಟು ದಿನ ನನ್ನನ್ನು ಎಬ್ಬಿಸಿ ಕರೆದೊಯ್ಯುತ್ತಿದ್ದ ಕಾಕಾನಿಗೆ ಈಗ ಏಳಲು ಮನಸ್ಸಿಲ್ಲ. ಹೊರಗೆ ಚಹಾದ ಕಪ್ಪು ಹಿಡಿದು ನಿಂತರೂ ಅವರ ಕಣ್ಣು ಅಂಗಡಿಯ ಕಡೆಗೇ. ಚಹಾಕ್ಕೆ ಕೆನೆ ಕಟ್ಟಿತು. ಒಳಗೆ ಬಂದು ಗಡಿಯಾರ ನೋಡಿದೆವು. ನಡೆಯುತ್ತಿತ್ತು. ಮೌಸ್ ಮುಟ್ಟಿದೆ. ಬಾಣ ಓಡಿತು.

"ಎಚ್ಚರೈತಿ" ಅಂದು ಕಾಕಾ ಕುರ್ಚಿಯಲ್ಲಿ ಕೂತು ಮಡಚಿದ್ದ ತುಂಡನ್ನು ಬಿಚ್ಚಿ ಮತ್ತೆ ನನ್ನ ಮುಂದಿಟ್ಟರು.

ಅಮಾವಾಸ್ಯೆಯ ಹೊತ್ತಿಗೆ ಕಾರ್ಡುಗಳು ಬಂದವು. ಆ ದಿನ ಓಣಿಯ ಮಗ್ಗಗಳೆಲ್ಲ ಸುಮ್ಮನಿದ್ದಾಗ ಕಾಕಾ ತಮ್ಮ ಮಗ್ಗದ ಪೂಜೆ ಮುಗಿಸಿ ನನ್ನ ಅಂಗಡಿಗೂ ಬಂದು ಡಬ್ಬಿಗೆ ಕುಂಕುಮ ಹಚ್ಚಿದರು. "ಇವತ್ತ ಇದಕ್ಕೂ ಸೂಟಿ ಕೊಡು. ಈಗ ಎದ್ದೇಳೂದು ಕಲತೈತಿ."

ಸೀರೆ ಮಗ್ಗದಿಂದ ಇಳಿದ ದಿನ ಅದನ್ನು ಮಗಳಿಗೂ ತೋರಿಸದೆ ನೇರ ನನ್ನ ಮೇಜಿಗೆ ತಂದು ಕೀಲಿಮಣೆಯ ಮೇಲೆ ಬಿಚ್ಚಿದರು. ಹಳೆಯ ತುಂಡನ್ನು ಪಕ್ಕದಲ್ಲಿಟ್ಟು ಇಬ್ಬರೂ ಹೂವಿಗೆ ಹೂವು ಹೊಂದಿಸಿ ನೋಡಿದೆವು. ಕಾಕಾ ಕಣ್ಣೊರೆಸಿಕೊಂಡು, "ಆ ಇಸ್ಪೀಟಿಂದು ಸ್ವಲ್ಪ ತಗದುಕೊಡು" ಅಂದರು.

ನೀವೂ ಹೀಗೆ ಯಾವುದಾದರೂ ಯಂತ್ರಕ್ಕೆ ಬೇಡದ ಉಪಚಾರ ಮಾಡಿ ಕೆಡಿಸಿಕೊಂಡಿದ್ದರೆ ದಯವಿಟ್ಟು ಬರೆದು ತಿಳಿಸಿ. ಕಾಕಾನಿಗೆ ಓದಿ ಹೇಳುತ್ತೇನೆ. ತಪ್ಪು ಮಾಡಿದ್ದು ನಾವಿಬ್ಬರೇ ಅಂತ ಅವರು ಇನ್ನೂ ತಿಳಿದಿದ್ದಾರೆ.