ಮಂತ್ರಿಗಳ ಸೆರೆವಾಸ

ನಮ್ಮ ಬಟ್ಟೆ ಅಂಗಡಿಗೆ ಒತ್ತಿಕೊಂಡೇ ಕನ್ನಡಕದ ಅಂಗಡಿ. ಇಬ್ಬರು ಷಡ್ಡಕರು ಅದರ ಪಾಲುದಾರರು. ಹೆಂಡಂದಿರು ಅಕ್ಕ ತಂಗಿ, ಒಂದೇ ಮನೆಯ ಮೇಲೆ ಕೆಳಗೆ ವಾಸ. ಹಿರಿಯನದು ಬಾಯಿ, ಕಿರಿಯನದು ಕೈ. ಹಿರಿಯ ಗಿರಾಕಿಯನ್ನು ಕೂರಿಸಿ ಮಾತಾಡಿಸುತ್ತಾನೆ, ಕಿರಿಯ ಹಿಂದೆ ಕೂತು ಗಾಜು ಉಜ್ಜುತ್ತಾನೆ.

ಸಂಜೆ ಶಟರ್ ಎಳೆದರೆ ಇಬ್ಬರೂ ಮೊಬೈಲ್ ಹಿಡಿದು ಒಂದು ಆನ್‌ಲೈನ್ ಆಟಕ್ಕೆ ಇಳಿಯುತ್ತಾರೆ. ಯಾವುದೋ ಕೋಟೆ, ಯಾವುದೋ ರಾಜ್ಯ. ಒಬ್ಬರ ಮುಖ ಒಬ್ಬರು ಕಾಣದವರೆಲ್ಲ ಸೇರಿ, ತಲೆಗೊಂದು ಪಾತ್ರ ಹಂಚಿಕೊಂಡು, ಅದರ ಮಾತನ್ನು ಟೈಪ್ ಮಾಡುವ ಆಟ. ಹಿರಿಯ ಅಲ್ಲಿ ರಾಜ, ಕಿರಿಯ ಮಂತ್ರಿ. ಹಾಗಾಗಿ ನಮ್ಮ ಅಂಗಡಿ ಸಾಲಿಗೆಲ್ಲ ಕಿರಿಯ ಮಂತ್ರಿಗಳೇ ಆಗಿಹೋದರು.

ಆಟಕ್ಕೊಂದು ಕಟ್ಟುನಿಟ್ಟು: ಪಾತ್ರದ ಜಗಳ ಪಾತ್ರಕ್ಕೇ. ಒಳಗಿನದನ್ನು ಹೊರಗೆ ತರಬಾರದು, ಹೊರಗಿನದನ್ನು ಒಳಗೆ ಒಯ್ಯಬಾರದು. ರಾಜ ಮಂತ್ರಿಯನ್ನು ಬೈದ ಮರುದಿನ ಷಡ್ಡಕರು ಎದುರುಬದುರು ಕೂತು ಚಹಾ ಕುಡಿಯುತ್ತಿದ್ದರು, ಮನಸ್ಸಿನಲ್ಲಿ ಏನೂ ಇಲ್ಲ ಎಂಬುದಕ್ಕೆ. ಚಹಾ ಕುಡಿಸಿ ಮನಸ್ಸು ತೋರಿಸುವವರನ್ನು ವ್ಯಾಪಾರದಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ.

ಒಮ್ಮೆ ಹಿರಿಯ ಒಬ್ಬ ಬಸ್ ಚಾಲಕನಿಗೆ ತೆಳ್ಳನೆಯ ಫ್ರೇಮೊಂದನ್ನು ಹೊಗಳಿ ಹೊಗಳಿ ಇನ್ನೇನು ಒಪ್ಪಿಸಿದ್ದ. ಮಂತ್ರಿಗಳು ತಲೆಯೆತ್ತದೆ, "ಅಣ್ಣಾ, ಇವರ ದಪ್ಪ ಗಾಜು ಅದ್ರಲ್ಲಿ ನಿಲ್ಲಲ್ಲ" ಎಂದುಬಿಟ್ಟರು. ಚಾಲಕ ಎದ್ದು ಹೋದ. ಹಿರಿಯ ನಕ್ಕ. ಅಂದು ಸಂಜೆಯೇ ರಾಜ ಮಂತ್ರಿಯನ್ನು ನೆಲಮಾಳಿಗೆಯ ಸೆರೆಗೆ ತಳ್ಳಿಸಿದ.

ವಾರಗಟ್ಟಲೆ ಬಿಡಲಿಲ್ಲ. ಉಳಿದವರು ಯುದ್ಧ, ಪಿತೂರಿ ಎಂದು ಗದ್ದಲದಲ್ಲಿದ್ದರೆ ಇವರು 'ಮಂತ್ರಿ ಗೋಡೆ ನೋಡುತ್ತಿದ್ದಾನೆ' ಎಂದು ಟೈಪ್ ಮಾಡಿ ಕೂರುತ್ತಿದ್ದರು.

"ಆಟಾನೇ ಬಿಟ್ಟುಬಿಡಯ್ಯ" ಎಂದೆ.

"ಬಿಟ್ರೆ ಮುನಿಸ್ಕೊಂಡ ಅಂತಾರೆ. ಅಲ್ಲಿಗೆ ಪಾಲೂ ಮುರೀತು, ಅಕ್ಕ ತಂಗೀರ ಮಾತೂ ಮುರೀತು. ನಾನು ಎಲ್ಲಿಗೆ ಹೋಗ್ಲಿ?"

ಕೊನೆಗೆ ಚಹಾದ ಹೊತ್ತಿಗೆ ಅಳುಕುತ್ತ ಹಿರಿಯನನ್ನು ಕೇಳಿಯೇಬಿಟ್ಟರು: "ಅಣ್ಣಾ, ನನ್ನ ಯಾವಾಗ ಬಿಡ್ತೀರಿ?"

"ನನ್ನ ಕೇಳಿದ್ರೆ? ರಾಜನ್ನ ಕೇಳಪ್ಪ. ನಿಯಮ ಗೊತ್ತಲ್ಲ!"

ಸಂಜೆ ರಾಜನನ್ನೇ ಕೇಳಿದರು. ರಾಜ ಬರೆದ: 'ಗಿರಾಕಿಯ ಮುಂದೆ ದೊರೆಯ ಮಾತು ತಿದ್ದುವ ನಾಲಿಗೆ ಮೊದಲು ಹದಕ್ಕೆ ಬರಲಿ.'

ಮಂತ್ರಿಗಳು ಅದನ್ನು ನನಗೆ ತೋರಿಸಿದರು. ಆ ರಾಜ್ಯದಲ್ಲಿ ಒಂದು ಅಂಗಡಿಯೂ ಇಲ್ಲ, ಗಿರಾಕಿ ಎಲ್ಲಿಂದ ಬಂದ? "ಹೀಗಂತ ಅವರ ಮುಖಕ್ಕೇ ಹೇಳು" ಎಂದೆ.

"ಹೇಳಿದ್ರೆ ಆಟದ್ದನ್ನ ಮನೆಗೆ ತಂದೋನು ನಾನಾಗ್ತೀನಿ."

ಆಮೇಲೆ ನಮ್ಮ ಗಿರಾಕಿಗಳಿಗೆ ರವಿಕೆ ಹೊಲಿದುಕೊಡುವ ಹೊಲಿಗೆಯಮ್ಮ ಕನ್ನಡಕಕ್ಕೆ ಬಂದರು. ಆಕೆಗೆ ಬೇಕಾದದ್ದು ಹತ್ತಿರ ನೋಡುವ ಗಾಜು, ಅಷ್ಟೇ. ಮೇಲೆ ದೂರಕ್ಕೆ, ಕೆಳಗೆ ಚೂರು ಹತ್ತಿರಕ್ಕೆ ಎನ್ನುವ ದುಬಾರಿ ಜೋಡಿಗಾಜನ್ನು ಹಿರಿಯ ಗಂಟುಹಾಕಿದ. ಆಕೆ ಹಿಂದಕ್ಕೆ ತಿರುಗಿ, "ಹೌದೇನಪ್ಪಾ, ಇದ್ರಲ್ಲಿ ಸೂಜಿ ಕಾಣುತ್ತಾ?" ಎಂದರು.

"ಅಣ್ಣ ಹೇಳಿದ್ದಾರಲ್ಲ" ಎಂದರು ಮಂತ್ರಿಗಳು.

ಅಂದೇ ಸಂಜೆ ಅರಮನೆಯ ಆಜ್ಞೆ ಹೊರಟಿತು: ಮಂತ್ರಿಗೆ ಬಿಡುಗಡೆ, ಮೇಲೊಂದು ಬಿರುದು. ಕಾಣದ ಊರಿನವರೆಲ್ಲ ಶುಭಾಶಯ ಕಳಿಸಿದರು.

ಕೆಲವು ದಿನ ಬಿಟ್ಟು ನಾನೂ ಮಂತ್ರಿಗಳ ಕಾಲೆಳೆಯೋಣವೆಂದು ಹೋದೆ. ಹಿರಿಯ ಊಟಕ್ಕೆ ಹೋಗಿದ್ದ. ಹೊಲಿಗೆಯಮ್ಮ ಹೊಸ ಕನ್ನಡಕ ಕೈಯಲ್ಲಿ ಹಿಡಿದು ನಿಂತಿದ್ದರು.

"ಸೂಜಿ ಕಣ್ಣೇ ಸಿಗ್ತಿಲ್ಲ ಮಗಾ. ಏನಾಗಿದೆ ಇದಕ್ಕೆ?"

ಮಂತ್ರಿಗಳು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಒರೆಸಿದರು, ತಿರುಗಿ ಆಕೆಯ ಕೈಗೇ ಕೊಟ್ಟರು.

"ಅಣ್ಣ ಬರ್ಲಿ ಅಮ್ಮಾ. ಕೂತ್ಕೊಳ್ಳಿ."